ವಿಳಾಸದ ಉತ್ತರಾರ್ಧ

ನಾಲ್ಕು ತಿಂಗಳ ಕಾಲ ನಾನು ಒಬ್ಬ ಗೆಳೆಯನ ಮೌನವನ್ನು ತಪ್ಪಾಗಿ ಓದಿಕೊಂಡೆ. ಗೆಳೆಯ ಎಂದರೆ ಮುಖ ನೋಡಿ ಬಲ್ಲವನಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಜೋಡಿಸಿಕೊಂಡು ಆದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಪರಿಚಯವಾದವನು, ಹಳೆಯ ಭೂಪಟಗಳ ಮೇಲೆ ಊರು, ನದಿ, ಬೆಟ್ಟಗಳ ಹೆಸರನ್ನು ಕೆತ್ತುತ್ತಿದ್ದ ಅಕ್ಷರಗಳ ಬಗ್ಗೆ ನನ್ನಷ್ಟೇ ಹುಚ್ಚು ಹಚ್ಚಿಕೊಂಡ ಇನ್ನೊಬ್ಬ ಮನುಷ್ಯ. ವಾರಕ್ಕೆ ಎರಡು ಮೂರು ಸಲವಾದರೂ ನಮ್ಮ ನಡುವೆ ಮಾತು ನಡೆಯುತ್ತಿತ್ತು. ನದಿಯ ಹೆಸರನ್ನು ಅದರ ತಿರುವಿಗೆ ತಕ್ಕಂತೆ ಬಾಗಿಸಿ ಬರೆಯುವಾಗ ಅಕ್ಷರಗಳ ನಡುವಿನ ಅಂತರವನ್ನು ಹೇಗೆ ನಿರ್ಧರಿಸುತ್ತಿದ್ದರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾವು ತಿಂಗಳುಗಟ್ಟಲೆ ಎಳೆದಾಡಿದ್ದುಂಟು. 2024ರ ಆರಂಭದಲ್ಲಿ, ಒಂದು ದಿನದಿಂದ, ಆತನ ಉತ್ತರಗಳು ನಿಂತುಹೋದವು. ನಾನು ಹಾಕಿದ ಚಿತ್ರಗಳಿಗೆ ಪ್ರತಿಕ್ರಿಯೆ ಇಲ್ಲ. ಹೆಸರು ಹಿಡಿದು ಕೇಳಿದ ಪ್ರಶ್ನೆಗೂ ಸದ್ದಿಲ್ಲ. ಆತನ ಪುಟ ತೆರೆದರೆ ಹಳೆಯ ಪೋಸ್ಟೇ ಮೇಲೆ ಕುಳಿತಿತ್ತು.

ಇಂತಹ ಮೌನವನ್ನು ಮನಸ್ಸು ಖಾಲಿ ಬಿಡುವುದಿಲ್ಲ. ನಾನು ಹಿಂದಿನ ಸಂಭಾಷಣೆಗಳನ್ನೆಲ್ಲ ಕೆದಕಿ, ಯಾವ ಮಾತು ಆತನನ್ನು ನೋಯಿಸಿರಬಹುದು ಎಂದು ಹುಡುಕಿದೆ. ಆತ ಬಹಳ ಸಂಭ್ರಮದಿಂದ ತೋರಿಸಿದ್ದ ಒಂದು ಪಟವನ್ನು ನಾನು ‘ಇದು ಆಮೇಲಿನ ನಕಲು ಇರಬಹುದು’ ಎಂದು ಬರೆದಿದ್ದೆ. ಆ ವಾಕ್ಯವನ್ನೇ ಅಪರಾಧಿಯೆಂದು ತೀರ್ಮಾನಿಸಿ, ಕ್ಷಮೆ ಕೇಳುವ ಧಾಟಿಯಲ್ಲಿ ಒಂದು ಸಂದೇಶವನ್ನೂ ಕಳುಹಿಸಿದೆ. ಅದೂ ಎಲ್ಲಿಗೋ ಹೋಗಿ ಬಿತ್ತು. ಕೊನೆಗೊಂದು ದಿನ, ಬೇರೇನನ್ನೋ ಹುಡುಕುತ್ತಿದ್ದಾಗ, ಲಾಗಿನ್ ಆಗದ ಬ್ರೌಸರ್‌ನಲ್ಲಿ ಆತನ ಸರ್ವರ್‌ನ ಪುಟವೇ ನೇರವಾಗಿ ತೆರೆದುಕೊಂಡಿತು. ಅಲ್ಲಿ ಆತ ಎಂದಿನಂತೆ ದಿನವೂ ಬರೆಯುತ್ತಿದ್ದ. ಮೂರು ತಿಂಗಳ ಹಿಂದಿನ ಒಂದು ಪೋಸ್ಟ್‌ನಲ್ಲಿ, ಅಕ್ಷರಗಳ ಬಗ್ಗೆ ಜೊತೆಯಾಗಿ ತಲೆ ಕೆಡಿಸಿಕೊಳ್ಳುತ್ತಿದ್ದ ಒಬ್ಬರು ಹೇಳದೆ ಕೇಳದೆ ಕಾಣೆಯಾಗಿದ್ದಾರೆ, ತಾನೇನಾದರೂ ತಪ್ಪು ಮಾತನಾಡಿದೆನೇ ಎಂದು ಕೇಳಿಕೊಂಡಿದ್ದ. ಆ ಕಾಣೆಯಾದವನು ನಾನು.

ಆತನ ಸರ್ವರ್‌ನ ‘ನಮ್ಮ ಬಗ್ಗೆ’ ಪುಟದಲ್ಲಿ ತಡೆಹಿಡಿದ ಸರ್ವರ್‌ಗಳ ಪಟ್ಟಿಯೊಂದಿತ್ತು. ನಮ್ಮದೂ ಅದರಲ್ಲಿತ್ತು, ಕಾರಣದ ಜಾಗದಲ್ಲಿ ‘ಮೇಲ್ವಿಚಾರಣೆ ಸಾಲದು’ ಎಂಬ ಒಂದೇ ಸಾಲು. ಆಮೇಲೆ ವಿಚಾರಿಸಿದಾಗ ಕಥೆ ತಿಳಿಯಿತು. ನಮ್ಮ ಸರ್ವರ್‌ನ ಸದಸ್ಯನೊಬ್ಬ ಅವರ ಸದಸ್ಯರೊಬ್ಬರಿಗೆ ಬಾಯಿಗೆ ಬಂದಂತೆ ಬೈದಿದ್ದ. ದೂರು ಬಂದಾಗ ನಮ್ಮ ಅಡ್ಮಿನ್ ಪ್ರಯಾಣದಲ್ಲಿದ್ದು ಒಂಬತ್ತು ದಿನ ನೋಡಿರಲಿಲ್ಲ. ಅಷ್ಟರಲ್ಲಿ ಅವರು ನಮ್ಮ ಇಡೀ ಸರ್ವರ್‌ನ ಜೊತೆಗಿನ ಸಂಪರ್ಕವನ್ನೇ ಕಡಿದುಕೊಂಡಿದ್ದರು. ಆ ಬೈಗುಳವನ್ನು ನಾನೂ ಓದಿರಲಿಲ್ಲ, ನನ್ನ ಗೆಳೆಯನೂ ಓದಿರಲಿಲ್ಲ. ಬೈದವನ ಹೆಸರು ಕೂಡ ನಮಗೆ ಗೊತ್ತಿರಲಿಲ್ಲ.

ಮನೆತನದ ಹೆಸರು

ಮಾಸ್ಟೊಡಾನ್‌ನಲ್ಲಿ ಹೆಸರಿಗೆ ಎರಡು ಭಾಗಗಳಿವೆ. ಮೊದಲನೆಯದು ನಾನು ಇಟ್ಟುಕೊಂಡದ್ದು, ಎರಡನೆಯದು ನಾನು ಸೇರಿಕೊಂಡ ಸರ್ವರ್‌ನದು. ಇಮೇಲ್ ವಿಳಾಸವೂ ಹೀಗೆಯೇ ಇರುತ್ತದೆಯಲ್ಲ ಎಂದು ಹೊಸಬರಿಗೆ ಸಮಾಧಾನ ಹೇಳುವ ಪದ್ಧತಿಯಿದೆ. ನಾನೂ ಹಲವರಿಗೆ ಹಾಗೆ ಹೇಳಿದ್ದೇನೆ. ಆದರೆ ಇಮೇಲ್ ವಿಳಾಸದ ಉತ್ತರಾರ್ಧವನ್ನು ನೋಡಿ ಯಾರೂ ನಮ್ಮ ಸ್ವಭಾವವನ್ನು ಅಳೆಯುವುದಿಲ್ಲ. ಇಲ್ಲಿ ಅಳೆಯುತ್ತಾರೆ. ಯಾವ ಸರ್ವರ್ ಎಂಬುದರ ಮೇಲೆ ನಾನು ಎಂತಹವನು, ಯಾರ ಜೊತೆ ಕೂರುವವನು, ಏನನ್ನು ಸಹಿಸುವವನು ಎಂಬ ಊಹೆ ನನ್ನ ಮೊದಲ ವಾಕ್ಯಕ್ಕಿಂತ ಮುಂಚೆಯೇ ಸಿದ್ಧವಾಗಿರುತ್ತದೆ. ಅದು ಮನೆತನದ ಹೆಸರಿನಂತೆ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಮನೆತನವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಇದನ್ನು ನಾನೇ ಆರಿಸಿಕೊಂಡೆ. ಆದ್ದರಿಂದ ಅದರ ಹೊಣೆಯೂ ನನ್ನದೇ ಎಂದು ಎದುರಿಗಿರುವವರು ಭಾವಿಸುತ್ತಾರೆ. ನಿಜವಾಗಿ ನಾನು ಆ ಸರ್ವರನ್ನು ಆರಿಸಿದ್ದು ಎರಡು ನಿಮಿಷದಲ್ಲಿ, ಅದರ ಹೆಸರಿನಲ್ಲಿ ಅಕ್ಷರವಿನ್ಯಾಸಕ್ಕೆ ಸಂಬಂಧಪಟ್ಟ ಒಂದು ಶಬ್ದವಿತ್ತು ಎಂಬ ಕಾರಣಕ್ಕೆ.

ಅಡ್ಮಿನ್‌ಗಳ ಕೈಯಲ್ಲಿರುವ ಉಪಕರಣಗಳೂ ಈ ಉತ್ತರಾರ್ಧವನ್ನೇ ಹಿಡಿದು ಕೆಲಸ ಮಾಡುತ್ತವೆ. ಒಬ್ಬನನ್ನು ಮಾತ್ರ ತಡೆಯಬಹುದು ನಿಜ. ಆದರೆ ದೂರುಗಳು ಹೆಚ್ಚಾದಾಗ, ರಾತ್ರಿ ಕೆಲಸ ಮುಗಿಸಿ ಬಂದು ಸಂಬಳವಿಲ್ಲದೆ ಇದನ್ನು ನೋಡಿಕೊಳ್ಳುವ ಮನುಷ್ಯನಿಗೆ ಸುಲಭವಾಗಿ ಸಿಗುವ ದಾರಿ ಇಡೀ ಸರ್ವರನ್ನೇ ತಡೆಯುವುದು. ಮಾಸ್ಟೊಡಾನ್‌ನಲ್ಲಿ ಇದಕ್ಕೆ ಮೆದುವಾದ ಒಂದು ರೂಪವಿದೆ: ಆ ಸರ್ವರ್‌ನವರ ಮಾತು ಅವರನ್ನು ಹಿಂಬಾಲಿಸುವವರಿಗೆ ಮಾತ್ರ ಕಾಣುವಂತೆ ಮಿತಿಗೊಳಿಸುವುದು. ಪೂರ್ಣ ತಡೆ ಹಾಗಲ್ಲ. ಅದು ಎರಡೂ ಕಡೆಯ ಫಾಲೋ ಸಂಬಂಧಗಳನ್ನು ಕತ್ತರಿಸಿಹಾಕುತ್ತದೆ, ನಾಳೆ ಅಡ್ಮಿನ್‌ಗಳು ರಾಜಿಯಾಗಿ ತಡೆ ತೆಗೆದರೂ ಆ ಸಂಬಂಧಗಳು ತಾವಾಗಿ ಮರಳುವುದಿಲ್ಲ. ತನ್ನದೇ ಸರ್ವರ್ ಹೀಗೆ ಕಡಿದುಕೊಂಡಾಗ ಯಾರ ಯಾರ ನಂಟು ಹೋಯಿತು ಎಂದು ಸದಸ್ಯನಿಗೆ ತಿಳಿಸುವ ಸೂಚನೆ 2024ರ ಅಕ್ಟೋಬರ್‌ನಲ್ಲಿ ಬಂದ 4.3ನೆಯ ಆವೃತ್ತಿಯವರೆಗೆ ಇರಲೇ ಇಲ್ಲ. ನಮ್ಮಿಬ್ಬರ ಮೌನ ಅದಕ್ಕಿಂತ ಹಿಂದಿನದು.

ಎರಿಸ್ ಇಲ್ಲದ ಜಾಲ

ಇದನ್ನೆಲ್ಲ ಹೊಸ ರೋಗವೆಂದು ಭಾವಿಸಿದ್ದ ನನಗೆ ಹಳೆಯ ಒಂದು ಹೆಸರು ಬಹಳ ಕಾಡಿತು. 1988ರಲ್ಲಿ ಫಿನ್‌ಲ್ಯಾಂಡಿನಲ್ಲಿ ಹುಟ್ಟಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ ಕೂಡ ಒಂದಕ್ಕೊಂದು ಜೋಡಿಸಿದ ಸರ್ವರ್‌ಗಳ ಜಾಲವಾಗಿತ್ತು. 1990ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಎರಿಸ್ ಎಂಬ ಯಂತ್ರ ತನ್ನ ಬಾಗಿಲನ್ನು ಸಂಪೂರ್ಣ ತೆರೆದಿಟ್ಟಿತು: ಯಾರು ಬೇಕಾದರೂ ತಮ್ಮ ಸರ್ವರನ್ನು ಅದಕ್ಕೆ ಜೋಡಿಸಬಹುದು, ಕೇಳುವವರಿಲ್ಲ. ತೊಂದರೆ ಕೊಡುವವರು ಆ ಬಾಗಿಲಿನಿಂದ ನುಗ್ಗಿದಾಗ ಉಳಿದ ಸರ್ವರ್‌ಗಳ ಬಹುಪಾಲು ಜನ ಸೇರಿ ಎರಿಸ್ ಅನ್ನು ಹೊರಗಿಟ್ಟು ಬೇರೆಯಾದರು. ತೆರೆದ ಬಾಗಿಲಿನ ಪಕ್ಷದ ಜಾಲ ಹೆಚ್ಚು ಕಾಲ ಬಾಳಲಿಲ್ಲ. ಹೊರಗಿಟ್ಟವರ ಜಾಲ ಉಳಿಯಿತು, ಮತ್ತು ಅದರ ಹೆಸರು ಇಂದಿಗೂ ಇಎಫ್‌ನೆಟ್; ಆ ಇಎಫ್ ಎಂದರೆ ‘ಎರಿಸ್ ಇಲ್ಲದ’ ಎಂದು. ಎರಿಸ್ ಗ್ರೀಕರ ಜಗಳದ ದೇವತೆ. ಜಗಳವಿಲ್ಲದ ಜಾಲವೆಂದು ತನ್ನನ್ನು ಕರೆದುಕೊಂಡ ಅದೇ ಕೂಟ 1996ರಲ್ಲಿ ಮತ್ತೊಮ್ಮೆ ಒಡೆದು, ಯುರೋಪಿನ ಬಹುಪಾಲು ಸರ್ವರ್‌ಗಳು ಐಆರ್‌ಸಿನೆಟ್ ಎಂಬ ಪ್ರತ್ಯೇಕ ಜಾಲವಾದವು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಡಕಲ್ಲ. ಎರಿಸ್ ಅನ್ನು ಹೊರಗಿಟ್ಟವರು ಸರಿಯಾದದ್ದನ್ನೇ ಮಾಡಿದರೆಂದು ನನಗೆ ಈಗಲೂ ಅನ್ನಿಸುತ್ತದೆ. ನನ್ನನ್ನು ತಡೆದದ್ದು ಆ ಹೆಸರು. ಒಂದು ಸಮುದಾಯ ತನ್ನಲ್ಲಿ ಯಾರಿದ್ದಾರೆ ಎಂಬುದನ್ನು ಬಿಟ್ಟು ಯಾರಿಲ್ಲ ಎಂಬುದರಿಂದ ತನ್ನನ್ನು ಕರೆದುಕೊಂಡಿತು, ಮತ್ತು ಹೊರಗಿಟ್ಟದ್ದು ಮಾಯವಾದ ಮೇಲೂ ಮೂರು ದಶಕಕ್ಕೂ ಹೆಚ್ಚು ಕಾಲ ಆ ಹೆಸರನ್ನು ಹೊತ್ತು ನಡೆಯಿತು. ನಮ್ಮ ಇಂದಿನ ಸರ್ವರ್‌ಗಳ ಪರಿಚಯ ಪುಟಗಳನ್ನು ಓದಿದರೆ ಇದೇ ವ್ಯಾಕರಣ ಕಾಣುತ್ತದೆ. ‘ನಾವು ಇಂಥವರ ಜೊತೆ ಮಾತನಾಡುವುದಿಲ್ಲ’ ಎಂಬ ಭಾಗ ಉದ್ದವಾಗುತ್ತ, ‘ನಾವು ಇಲ್ಲಿ ಇದನ್ನು ಮಾಡುತ್ತೇವೆ’ ಎಂಬ ಭಾಗ ಎರಡು ಸಾಲಿಗೆ ಇಳಿದಿರುತ್ತದೆ.

‘ನಾವು’

ಗೆಳೆಯನ ಸರ್ವರ್‌ನ ಪಟ್ಟಿಯಲ್ಲಿ ನಮ್ಮ ಹೆಸರು ನೋಡಿ ನನಗೆ ಬಂದ ಸಿಟ್ಟು ಎರಡು ದಿನ ಉಳಿಯಲಿಲ್ಲ. ಅದಕ್ಕೆ ಕಾರಣ ಇನ್ನೊಂದು ರಾತ್ರಿಯ ನೆನಪು.

2023ರ ಜೂನ್. ಮೆಟಾ ಕಂಪನಿ ಥ್ರೆಡ್ಸ್ ಎಂಬ ಹೊಸ ವೇದಿಕೆಯನ್ನು ತರುತ್ತಿದೆ, ಅದು ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತನಾಡಲು ಬಳಸುವ ಆಕ್ಟಿವಿಟಿಪಬ್ ನಿಯಮಾವಳಿಯ ಮೂಲಕ, ಮಾಸ್ಟೊಡಾನ್ ಮತ್ತು ಅಂತಹ ತಾಣಗಳೆಲ್ಲ ಸೇರಿದ ನಮ್ಮ ಫೆಡಿವರ್ಸ್‌ಗೂ ಜೋಡಿಸಿಕೊಳ್ಳಲಿದೆ ಎಂಬ ಸುದ್ದಿ ಹರಡಿತ್ತು. ನೂರಾರು ಅಡ್ಮಿನ್‌ಗಳು ಅದನ್ನು ಬಂದ ಕೂಡಲೇ ತಡೆಯುತ್ತೇವೆಂದು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಜುಲೈ 5ರಂದು ಥ್ರೆಡ್ಸ್ ತೆರೆದು ಐದು ದಿನದಲ್ಲಿ ಹತ್ತು ಕೋಟಿ ಖಾತೆಗಳಾದವು. ಆಗ ಇಡೀ ಫೆಡಿವರ್ಸ್‌ನಲ್ಲಿ ತಿಂಗಳಿಗೊಮ್ಮೆಯಾದರೂ ಬರುವವರ ಸಂಖ್ಯೆ ಕೆಲವೇ ಹತ್ತು ಲಕ್ಷಗಳಷ್ಟಿತ್ತು, ಭಯ ಆಧಾರವಿಲ್ಲದ್ದಲ್ಲ. ಆದರೆ ಥ್ರೆಡ್ಸ್ ನಮ್ಮ ಜಾಲಕ್ಕೆ ತಾಗುವ ಪ್ರಯೋಗ ಶುರುವಾದದ್ದೇ ಆ ವರ್ಷದ ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲ ಆರು ತಿಂಗಳಲ್ಲಿ ನಾವು ಜಗಳವಾಡಿದ್ದು ಮೆಟಾದ ಜೊತೆ ಅಲ್ಲ, ಒಬ್ಬರ ಜೊತೆ ಒಬ್ಬರು. ಥ್ರೆಡ್ಸ್ ಅನ್ನು ತಡೆಯದವರನ್ನೂ ತಡೆಯಬೇಕು ಎಂಬ ವಾದ ಹುಟ್ಟಿಕೊಂಡಿತು. ಶತ್ರುವಿನ ಮಿತ್ರ ಶತ್ರು ಎಂಬ ಲೆಕ್ಕದಲ್ಲಿ, ಇನ್ನೂ ತೀರ್ಮಾನಕ್ಕೆ ಬಾರದವರೂ ಶತ್ರುಗಳಾದರು.

ನಮ್ಮ ಅಡ್ಮಿನ್ ಒಂದು ಸರ್ವರ್‌ನ ಹೆಸರು ಹೇಳಿ, ಕಡಿದುಕೊಳ್ಳೋಣವೇ ಎಂದು ಸದಸ್ಯರನ್ನು ಕೇಳಿದರು. ಆ ಸರ್ವರ್‌ನವರು ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಅಲ್ಲಿನ ಒಬ್ಬಿಬ್ಬರು ಸಹಿ ಹಾಕಿದವರನ್ನು ಗೇಲಿ ಮಾಡಿದ ಮೂರು ಸ್ಕ್ರೀನ್‌ಶಾಟ್‌ಗಳೂ ಇದ್ದವು. ಅಲ್ಲಿಯವರೆಗೆ ಆ ಸರ್ವರ್‌ನ ಒಬ್ಬರ ಜೊತೆಗೂ ನಾನು ಮಾತನಾಡಿರಲಿಲ್ಲ. ಆದರೂ ಆ ರಾತ್ರಿ ಬರೆದೆ: ‘ಸಂಪರ್ಕಕ್ಕಿಂತ ನಮ್ಮವರ ನೆಮ್ಮದಿ ದೊಡ್ಡದು, ನಾವು ಕಡಿದುಕೊಳ್ಳೋಣ.’ ನಲವತ್ತಕ್ಕೂ ಹೆಚ್ಚು ಜನ ಆ ಸಾಲಿಗೆ ನಕ್ಷತ್ರ ಒತ್ತಿದರು. ಭೂಪಟಗಳ ಬಗ್ಗೆ ನಾನು ಬರೆದದ್ದಕ್ಕೆ ಯಾವತ್ತೂ ಐದಕ್ಕಿಂತ ಹೆಚ್ಚು ಬಿದ್ದಿರಲಿಲ್ಲ. ಎರಡು ನಿಮಿಷದಲ್ಲಿ ಆರಿಸಿಕೊಂಡ ಸರ್ವರ್ ನನಗೆ ಮೊದಲ ಬಾರಿಗೆ ‘ನಮ್ಮದು’ ಅನ್ನಿಸಿದ್ದು ಆ ರಾತ್ರಿ. ಅಕ್ಷರಗಳ ಬಗ್ಗೆ ಒಂದು ವರ್ಷ ಮಾತನಾಡಿದಾಗ ಹುಟ್ಟದ ಬಳಗದ ಭಾವ, ಹೊರಗೆ ತಳ್ಳಲು ಒಬ್ಬರು ಸಿಕ್ಕಾಗ ಹುಟ್ಟಿತು. ಒಬ್ಬ ಸದಸ್ಯೆ ಮಾತ್ರ, ‘ಆ ಸರ್ವರ್‌ನಲ್ಲಿ ನನ್ನ ಅಕ್ಕ ಇದ್ದಾಳೆ’ ಎಂದು ಬರೆದರು. ಅದಕ್ಕೆ ಉತ್ತರ ಕೊಟ್ಟವರಲ್ಲಿ ನಾನೂ ಒಬ್ಬ: ‘ಅವರು ಬೇರೆ ಸರ್ವರ್‌ಗೆ ಬರಬಹುದಲ್ಲ, ಖಾತೆ ಬದಲಾಯಿಸುವುದು ಸುಲಭ.’ ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಮಾಸ್ಟೊಡಾನ್‌ನಲ್ಲಿ ಮನೆ ಬದಲಾಯಿಸಿದರೆ ಹಿಂಬಾಲಕರು ಬರುತ್ತಾರೆ. ಬರೆದದ್ದೆಲ್ಲ ಹಳೆಯ ಮನೆಯಲ್ಲೇ ಉಳಿಯುತ್ತದೆ. ಆ ಸದಸ್ಯೆ ಮತ್ತೆ ಏನೂ ಬರೆಯಲಿಲ್ಲ.

ಗುಂಪಿನ ಭಾವಕ್ಕೆ ಎಷ್ಟು ಕಡಿಮೆ ಸಾಮಗ್ರಿ ಸಾಕು ಎಂಬುದನ್ನು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದು ವರ್ಷದ ಹುಡುಗರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರಲ್ಲಿ ಯಾರ ಚಿತ್ರ ಇಷ್ಟ ಎಂಬುದರ ಮೇಲೆ ಗುಂಪು ಮಾಡಿದ್ದೇವೆಂದು ಹುಡುಗರಿಗೆ ಹೇಳಿ, ವಾಸ್ತವದಲ್ಲಿ ಮನಬಂದಂತೆ ಹಂಚಿದ್ದರು. ತಮ್ಮ ಗುಂಪಿನವರಿಗೆ ಹೆಚ್ಚು ಹಣ ಕೊಟ್ಟರು ಎಂಬ ಫಲಿತಾಂಶವನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ತಟ್ಟುವುದು ಅದರ ಒಳಗಿನ ಇನ್ನೊಂದು ಸಂಗತಿ: ತಮ್ಮವರಿಗೆ ಹೆಚ್ಚು ಸಿಗುವ ಆಯ್ಕೆಯನ್ನು ಬಿಟ್ಟು, ತಮ್ಮವರಿಗೆ ಕಡಿಮೆ ಸಿಕ್ಕರೂ ಬೇರೆಯವರಿಗೆ ಇನ್ನೂ ಕಡಿಮೆ ಸಿಗುವ ಆಯ್ಕೆಯ ಕಡೆಗೆ ಆ ಹುಡುಗರು ವಾಲಿದ್ದರು. ಅಂತರವೇ ಲಾಭವಾಗಿತ್ತು. ಆ ರಾತ್ರಿ ನಾವು ಒಂದು ಸರ್ವರನ್ನು ಕಡಿದುಕೊಂಡಾಗ ನಮಗೂ ಕಡಿಮೆಯೇ ಸಿಕ್ಕಿತು. ಅಲ್ಲಿದ್ದ ಮುದ್ರಣದ ಇತಿಹಾಸ ಬಲ್ಲ ಮೂವರು ನಮ್ಮ ಟೈಮ್‌ಲೈನ್‌ನಿಂದ ಮಾಯವಾದರೆಂದು ನನಗೆ ಬಹಳ ಆಮೇಲೆ ತಿಳಿಯಿತು. ಆದರೆ ಅಂತರ ಮಾತ್ರ ಭರ್ಜರಿಯಾಗಿ ಸಿಕ್ಕಿತ್ತು.

ಕನ್ನಡದ ‘ನಾವು’ ಇಲ್ಲಿ ನನ್ನ ನೆರವಿಗೆ ಬಂದಿತು ಎಂದು ಕಾಣುತ್ತದೆ. ಕೇಳುವವರನ್ನೂ ಸೇರಿಸಿಕೊಂಡು ಹೇಳಲು ತೆಲುಗಿನಲ್ಲಿ ‘ಮನಮು’ ಇದೆ, ಅವರನ್ನು ಬಿಟ್ಟು ಹೇಳಲು ‘ಮೇಮು’. ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’. ತುಳುವಿನಲ್ಲಿ ‘ನಮ’ ಮತ್ತು ‘ಎಂಕುಲು’. ಅಲ್ಲಿ ಬಾಯಿ ತೆರೆಯುವ ಮೊದಲೇ ಎದುರಿಗಿರುವವರು ಒಳಗೋ ಹೊರಗೋ ಎಂದು ನಿರ್ಧರಿಸಬೇಕು. ನಮ್ಮ ಇಂದಿನ ‘ನಾವು’ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಾನು ‘ನಾವು ಕಡಿದುಕೊಳ್ಳೋಣ’ ಎಂದಾಗ, ಅಕ್ಕ ಆ ಕಡೆಗಿದ್ದ ಆ ಸದಸ್ಯೆ ಅದರೊಳಗಿದ್ದರೇ? ತೆಲುಗಿನಲ್ಲಿ ಬರೆಯುತ್ತಿದ್ದರೆ ಕೈ ಒಂದು ಕ್ಷಣವಾದರೂ ನಿಲ್ಲುತ್ತಿತ್ತೋ ಏನೋ. (ಎರಡು ‘ನಾವು’ಗಳಿರುವ ಭಾಷೆಯವರು ಗುಂಪುಗಾರಿಕೆ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಮಾಡುವಾಗ ಅವರಿಗೆ ವ್ಯಾಕರಣದ ಮರೆ ಇಲ್ಲ ಎನ್ನುತ್ತಿದ್ದೇನೆ, ಅಷ್ಟೇ.)

ಗೋಡೆ ಕಟ್ಟಿದವರ ಪರವಾಗಿ

ಇಷ್ಟು ಹೇಳಿದ ಮೇಲೆ ಗೋಡೆಗಳನ್ನೆಲ್ಲ ಕೆಡವಬೇಕೆಂದು ನಾನು ಹೇಳುತ್ತೇನೆ ಎಂದು ಓದುಗರು ಭಾವಿಸಬಹುದು. ಹಾಗೆ ಹೇಳಲಾರೆ. 2016ರಲ್ಲಿ ಓಯ್ಗನ್ ರೋಚ್ಕೊ ಮಾಸ್ಟೊಡಾನ್ ಬಿಡುಗಡೆ ಮಾಡಿದಾಗ ಮೊದಲ ವರ್ಷಗಳಲ್ಲಿ ಅಲ್ಲಿ ನೆಲೆ ಕಂಡವರಲ್ಲಿ, ದೊಡ್ಡ ವೇದಿಕೆಗಳಲ್ಲಿ ದಿನವೂ ಕಿರುಕುಳ ತಿಂದು ಬಂದ ಲೈಂಗಿಕ ಅಲ್ಪಸಂಖ್ಯಾತರು ಬಹಳ ಮಂದಿ ಇದ್ದರು. ಅವರಿಗೆ ಸರ್ವರ್‌ನ ಗೋಡೆ ಅಹಂಕಾರದ ಗುರುತಾಗಿರಲಿಲ್ಲ, ತಲೆಯ ಮೇಲಿನ ಸೂರಾಗಿತ್ತು. 2019ರ ಜುಲೈನಲ್ಲಿ, ತೀವ್ರ ಬಲಪಂಥೀಯರ ನೆಲೆಯೆಂದು ಹೆಸರಾದ ಗ್ಯಾಬ್ ಎಂಬ ಸಾಮಾಜಿಕ ತಾಣ ಮಾಸ್ಟೊಡಾನ್‌ನ ತಂತ್ರಾಂಶವನ್ನೇ ಬಳಸಿ ಜಾಲದೊಳಗೆ ಬಂದಿತು. ತಂತ್ರಾಂಶ ಮುಕ್ತವಾದದ್ದು, ಬಳಸಬೇಡಿ ಎಂದು ಯಾರೂ ಹೇಳುವಂತಿರಲಿಲ್ಲ. ಆದರೆ ಮಾತನಾಡಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಸರ್ವರ್ ನಂತರ ಸರ್ವರ್ ಅದನ್ನು ತಡೆಯಿತು, ಕೆಲವು ಆ್ಯಪ್ ತಯಾರಕರೂ ತಡೆದರು, ಕೊನೆಗೆ ಗ್ಯಾಬ್ ತಾನೇ ಜೋಡಣೆಯನ್ನು ಕೈಬಿಟ್ಟಿತು. ಯಾವ ಕೇಂದ್ರ ಕಚೇರಿಯ ಅಪ್ಪಣೆಯೂ ಇಲ್ಲದೆ ಒಂದು ಜಾಲ ಹೀಗೆ ನಡೆದುಕೊಂಡದ್ದು ಸಣ್ಣ ಮಾತಲ್ಲ. ನನ್ನ ಗೆಳೆಯನನ್ನು ನನ್ನಿಂದ ದೂರ ಮಾಡಿದ್ದೂ ಅದೇ ‘ತಡೆ’ಯ ಬಟನ್.

ಸೂರು ಯಾವಾಗ ಕೋಟೆಯಾಗುತ್ತದೆ ಎಂದು ಹೇಳುವುದು ಕಷ್ಟ. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ ಬಂದ ಜನಪ್ರವಾಹದಲ್ಲಿ ಅದು ಕಣ್ಣಿಗೆ ಕಾಣುವಂತಾಯಿತು. ಹಳಬರು ಹೊಸಬರಿಗೆ ಮನೆಯ ರೀತಿರಿವಾಜು ಹೇಳಿಕೊಡಲು ನಿಂತರು: ಚಿತ್ರಗಳಿಗೆ ವಿವರಣೆ ಬರೆಯಿರಿ, ರಾಜಕೀಯವನ್ನು, ಓದುವವರು ಒತ್ತಿದರೆ ಮಾತ್ರ ತೆರೆಯುವ ಎಚ್ಚರಿಕೆಯ ಪರದೆಯ ಹಿಂದೆ ಇಡಿ. ಮೊದಲನೆಯದು ಒಳ್ಳೆಯ ಅಭ್ಯಾಸ. ಎರಡನೆಯದನ್ನು ಹಿಡಿದು, ತಾವು ದಿನವೂ ಅನುಭವಿಸುವ ವರ್ಣಭೇದದ ಬಗ್ಗೆ ಬರೆದ ಕಪ್ಪು ಜನರಿಗೂ ‘ಇದನ್ನು ಪರದೆಯ ಹಿಂದೆ ಇಡಿ’ ಎಂದು ಉಪದೇಶ ಮಾಡಿದವರಿದ್ದರು. ಕಿರುಕುಳದಿಂದ ಓಡಿಬಂದವರು ಕಟ್ಟಿದ ಮನೆಯ ಮರ್ಯಾದೆ, ಇನ್ನೊಂದು ಕಿರುಕುಳದಿಂದ ಓಡಿಬಂದವರ ಬಾಯಿ ಮುಚ್ಚಿಸುವ ಸಾಧನವಾಯಿತು. ಹಾಗೆ ಉಪದೇಶಿಸಿದವರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ತಾವು ಆಚಾರವನ್ನು ಕಾಯುತ್ತಿದ್ದೇವೆ ಎಂದೇ ಅವರು ನಂಬಿದ್ದರು.

ಗೋಡೆ ಕಟ್ಟುವವರ ಅಸಹಾಯಕತೆಯೂ ಇದೆ. 2023ರ ಜೂನ್‌ನಲ್ಲಿ ರೆಡಿಟ್ ಎಂಬ ಚರ್ಚಾತಾಣದಿಂದ ಜನ ವಲಸೆ ಹೊರಟಾಗ, ಅದೇ ಬಗೆಯ ಚರ್ಚೆಗಾಗಿ ಫೆಡಿವರ್ಸ್‌ನಲ್ಲಿರುವ ಲೆಮ್ಮಿ ತಂತ್ರಾಂಶದಲ್ಲಿ ನಡೆಯುತ್ತಿದ್ದ ಬೀಹಾ ಎಂಬ ಸಣ್ಣ ಸಮುದಾಯ, ಯಾರು ಬೇಕಾದರೂ ಸೇರಬಹುದಾಗಿದ್ದ ಎರಡು ದೊಡ್ಡ ಸರ್ವರ್‌ಗಳನ್ನು ಕಡಿದುಕೊಂಡಿತು. ತಮ್ಮ ಕೈಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಉಪಕರಣವಿಲ್ಲ ಎಂದು ಅದರ ಅಡ್ಮಿನ್‌ಗಳು ಬಹಿರಂಗವಾಗಿಯೇ ಹೇಳಿಕೊಂಡರು. ಕೊಡಲಿ ಮಾತ್ರ ಇರುವ ಮನೆಯಲ್ಲಿ ಸೂಜಿಯ ಕೆಲಸವನ್ನೂ ಕೊಡಲಿಯೇ ಮಾಡಬೇಕು.

ಉತ್ತರಾರ್ಧವನ್ನು ಸಡಿಲಿಸಿದರೆ

ವಿಳಾಸದಿಂದ ಮನೆತನವನ್ನೇ ಬಿಡಿಸಿಬಿಟ್ಟರೆ ಗುಂಪುಗಾರಿಕೆ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಬ್ಲೂಸ್ಕೈ ಎಂಬ ಇನ್ನೊಂದು ಸಾಮಾಜಿಕ ಜಾಲ ಒಂದು ಉತ್ತರ. ಅಲ್ಲಿ ನನ್ನ ಬರಹ ಯಾವ ಸರ್ವರ್‌ನಲ್ಲಿದೆ ಎಂಬುದು ಹೆಸರಿನಲ್ಲಿ ಕಾಣಬೇಕಾಗಿಲ್ಲ. ನನ್ನದೇ ಡೊಮೈನ್, ಅಂದರೆ ನನ್ನ ಜಾಲತಾಣದ ವಿಳಾಸ, ಹೆಸರಾಗಬಹುದು. ಜಾಗ ಬದಲಿಸಿದರೆ ಬರೆದದ್ದೂ ಜೊತೆಗೆ ಬರುತ್ತದೆ. ನಾನು ಆರು ತಿಂಗಳು ಅಲ್ಲಿಯೂ ಇದ್ದು ನೋಡಿದೆ. ಅಲ್ಲಿ ಬಣಗಳು ಪಟ್ಟಿಗಳಲ್ಲಿ ವಾಸಿಸುತ್ತವೆ. ಯಾರೋ ಒಬ್ಬರು ‘ಇಂಥವರು’ ಎಂದು ಸಾವಿರಾರು ಖಾತೆಗಳ ಪಟ್ಟಿ ಮಾಡುತ್ತಾರೆ, ಸಾವಿರಾರು ಜನ ಅದನ್ನು ಒಂದು ಒತ್ತಿಗೆ ಬ್ಲಾಕ್ ಮಾಡುತ್ತಾರೆ. ಯಾರು ಯಾರನ್ನು ತಡೆದಿದ್ದಾರೆ ಎಂಬ ಮಾಹಿತಿ ಅಲ್ಲಿ ಬಹಿರಂಗವಾದ್ದರಿಂದ, ತಾನು ಎಷ್ಟು ಪಟ್ಟಿಗಳಲ್ಲಿದ್ದೇನೆ ಎಂದು ನೋಡಿಕೊಳ್ಳುವವರೂ ಇದ್ದಾರೆ, ಕೆಲವರು ಹೆಮ್ಮೆಯಿಂದ, ಕೆಲವರು ಸಂಕಟದಿಂದ. ಸರ್ವರ್‌ನ ಅಡ್ಮಿನ್‌ಗೆ ಕೊನೆಪಕ್ಷ ಒಂದು ಇಮೇಲ್ ಬರೆಯಬಹುದಿತ್ತು. ಪಟ್ಟಿ ಮಾಡಿದ ಅಪರಿಚಿತನಿಗೆ ಅಹವಾಲು ಸಲ್ಲಿಸೋಣವೆಂದರೆ ಆತ ನನ್ನನ್ನು ಮೊದಲೇ ತಡೆದಿರುತ್ತಾನೆ. ನನ್ನ ಮಟ್ಟಿಗೆ ಇದು ಹೆಚ್ಚು ಒಂಟಿತನದ ಗುಂಪುಗಾರಿಕೆ.

ಈ ಎರಡು ಲೋಕಗಳ ನಡುವೆ ಸೇತುವೆ ಕಟ್ಟಲು ಹೊರಟವರಿಗೆ ಆದದ್ದನ್ನೂ ಹೇಳಬೇಕು. 2024ರ ಫೆಬ್ರವರಿಯಲ್ಲಿ ರಯಾನ್ ಬ್ಯಾರೆಟ್ ಎಂಬ ತಂತ್ರಜ್ಞ, ಮಾಸ್ಟೊಡಾನ್‌ನ ಪೋಸ್ಟ್‌ಗಳು ಬ್ಲೂಸ್ಕೈನಲ್ಲೂ ಅಲ್ಲಿಯವು ಇಲ್ಲಿಯೂ ಕಾಣುವಂತೆ ಮಾಡುವ ಬ್ರಿಡ್ಜಿ ಫೆಡ್ ಎಂಬ ಸೇತುವೆಯನ್ನು ಪ್ರಕಟಿಸಿದರು. ಬೇಡವೆಂದವರು ಹೊರಗುಳಿಯಬಹುದು ಎಂಬುದು ಮೊದಲ ಯೋಜನೆ. ಸಿಟ್ಟು ಹೇಗೆ ಎದ್ದಿತೆಂದರೆ, ಕೊನೆಗೆ ಬೇಕೆಂದು ಕೇಳಿದವರ ಪೋಸ್ಟ್ ಮಾತ್ರ ದಾಟುವಂತೆ ಅವರು ಅದನ್ನು ಬದಲಿಸಿದರು. ಅನುಮತಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ವಾರ ನಾನು ಓದಿದ ನೂರಾರು ಪೋಸ್ಟ್‌ಗಳಲ್ಲಿ ಅನುಮತಿಯ ಮಾತಿಗಿಂತ ‘ಆ ಜನ’ ಎಂಬ ಮಾತು ಹೆಚ್ಚಿತ್ತು. ಆ ಜನರಲ್ಲಿ ಹಲವರು ಒಂದು ವರ್ಷದ ಹಿಂದೆ ಈ ಜನರೇ ಆಗಿದ್ದರು.

ಗೆಳೆಯನಿಗೆ ಕೊನೆಗೂ ಇಮೇಲ್ ಬರೆದೆ. ಆತನ ಜಾಲತಾಣದಲ್ಲಿ ವಿಳಾಸವಿತ್ತು. ನಾಲ್ಕು ತಿಂಗಳ ಎರಡೂ ಕಡೆಯ ಪಶ್ಚಾತ್ತಾಪವನ್ನು ಹೇಳಿಕೊಂಡು ನಕ್ಕೆವು. ಆತ ಬೇರೊಂದು ಸಣ್ಣ ಸರ್ವರ್‌ಗೆ ಹೋಗುವುದಾಗಿ ಹೇಳಿ, ಮುಂದಿನ ವಾರ ಹೊಸ ವಿಳಾಸ ಕಳುಹಿಸಿದ. ಅದನ್ನು ಓದುವಾಗ ನನ್ನ ಕಣ್ಣು ಮೊದಲು ಹೋದದ್ದು ಹೆಸರಿನ ಉತ್ತರಾರ್ಧಕ್ಕೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಫಾಲೋ ಒತ್ತುವ ಮುಂಚೆ ನಮ್ಮ ಸರ್ವರ್‌ನ ತಡೆಪಟ್ಟಿಯನ್ನು ತೆರೆದು, ಆ ಹೆಸರು ಅಲ್ಲಿದೆಯೇ ಎಂದು ನೋಡಿದೆ. ಇರಲಿಲ್ಲ. ಹುಡುಕುವಾಗ ದಾರಿಯಲ್ಲಿ 2023ರ ಆ ರಾತ್ರಿ ಕಡಿದುಕೊಂಡ ಇನ್ನೊಂದು ಸರ್ವರ್‌ನ ಹೆಸರು ಸಿಕ್ಕಿತು, ಅಕ್ಕ ಇದ್ದ ಸರ್ವರ್. ಅದು ಯಾವಾಗಲೋ ಮುಚ್ಚಿಹೋಗಿದೆ. ಪಟ್ಟಿಯಲ್ಲಿ ಮಾತ್ರ ಹಾಗೆಯೇ ಇದೆ, ಪಕ್ಕದಲ್ಲಿ ಕಾರಣ: ಸದಸ್ಯರ ಕೋರಿಕೆಯ ಮೇರೆಗೆ.